ಕಂಬಳಿಯ ಮೇಲೊಂದು ಇಂಗ್ಲಿಷ್ ಪಾಠ

ಇಂಗ್ಲಿಷ್ ವಿಷಯದಲ್ಲಿ ನನಗೆ ಎದುರಾಡುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಹೊರಗೆ ಇದ್ದಾರೋ ಇಲ್ಲವೋ ಎಂದು ನಾನು ವಿಚಾರಿಸಲು ಹೋಗಿಲ್ಲ. ಮನೆಯಲ್ಲಂತೂ ಇಲ್ಲ. ಎಂ.ಎ., ಬಿ.ಎಡ್. ಮುಗಿಸಿ ಇಪ್ಪತ್ತೆರಡು ವರ್ಷದಿಂದ ಐಮಂಗಲದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಬೋಧಿಸುತ್ತಿರುವ ಹನುಮೇಶ್ ಮೇಷ್ಟ್ರು ನಾನೇ. ಕೆಮ್ಮಿನ ಔಷಧಿಯ ಚೀಟಿಯಿಂದ ಹಿಡಿದು ಮಿಕ್ಸಿಯ ಗ್ಯಾರಂಟಿ ಕಾರ್ಡಿನವರೆಗೆ ಮನೆಗೆ ಬಂದ ಸಮಸ್ತ ಇಂಗ್ಲಿಷನ್ನೂ ಓದಿ ಅರ್ಥ ಹೇಳುವ ಏಕಸ್ವಾಮ್ಯ ನನ್ನದು. (ಹೆಂಡತಿ ಜಯಶೀಲಾ ಕೂಡ ಟೀಚರೇ. ಆದರೆ ಅವಳು ಚಿತ್ರದುರ್ಗದಲ್ಲೇ ಒಂದರಿಂದ ಮೂರನೇ ತರಗತಿಗೆ ಪಾಠ ಮಾಡುವವಳು. ಅಲ್ಲಿ ಮಕ್ಕಳ ಮೂಗು ಒರೆಸುವುದೇ ಅರ್ಧ ಪಠ್ಯಕ್ರಮ ಎಂಬುದು ನನ್ನ ಅಭಿಪ್ರಾಯವಾಗಿತ್ತು. ‘ಆಗಿತ್ತು’ ಎಂಬ ಪದವನ್ನು ಸದ್ಯಕ್ಕೆ ಗಮನಿಸಬೇಡಿ.)

ಇಂಥ ನನಗೆ ಇದ್ದ ಕೊರಗು ಒಂದೇ, ಬಸ್ಸು. ದಿನಾ ಬೆಳಗ್ಗೆ ಏಳೂ ಮುಕ್ಕಾಲಿಗೆ ಚಿತ್ರದುರ್ಗ ಬಿಡಬೇಕು. ಸೀಟು ಸಿಕ್ಕಿದರೆ ಪಕ್ಕದಲ್ಲಿ ಕೂತವರು ನನ್ನ ಭುಜದ ಮೇಲೆ ನಿದ್ದೆ ಮಾಡುತ್ತಾರೆ. ಸಿಗದಿದ್ದರೆ ಯಾರದ್ದೋ ಈರುಳ್ಳಿ ಚೀಲ ನನ್ನ ಕಾಲಿನ ಮೇಲೆ ನಿದ್ದೆ ಮಾಡುತ್ತದೆ. ಷೆಲ್ಲಿ, ಕೀಟ್ಸ್ ಓದಿದ ಮನುಷ್ಯ ಕಂಬಿ ಹಿಡಿದು ನೇತಾಡುತ್ತ ಎಷ್ಟು ವರ್ಷ ಹೋಗಬಹುದು ಹೇಳಿ.

ಹೀಗಿರುವಾಗ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಸುತ್ತೋಲೆ ಬಂತು. ಚಿತ್ರದುರ್ಗದ ಇಂಗ್ಲಿಷ್ ತರಬೇತಿ ಘಟಕಕ್ಕೆ ಒಬ್ಬರು ಸಂಪನ್ಮೂಲ ವ್ಯಕ್ತಿ ಬೇಕಂತೆ. ಉಳಿದ ಶಿಕ್ಷಕರಿಗೆ ಪಾಠ ಹೇಳಿಕೊಡುವ ಹುದ್ದೆ. ಘಟಕ ಇರುವುದು ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ! ಓದಿದವನೇ ನಾನು ಮನಸ್ಸಿನಲ್ಲೇ ಬಸ್ ಪಾಸನ್ನು ಹರಿದು ಎಸೆದೆ.

ಷರತ್ತು ಒಂದಿತ್ತು. ಅರ್ಜಿ ಹಾಕಿದವರು ಇಂಗ್ಲಿಷ್ ಗಂಧವಿಲ್ಲದ ಮನೆಯ ಹಿರಿಯರೊಬ್ಬರಿಗೆ ಒಂದೇ ಒಂದು ಸಾಮಾನ್ಯ ಇಂಗ್ಲಿಷ್ ನಾಮಪದ ಕಲಿಸಬೇಕು. ಆ ಹಿರಿಯರು ಅದನ್ನು ದಿನಬಳಕೆಯ ಹತ್ತು ವಾಕ್ಯಗಳಲ್ಲಿ ಸರಿಯಾಗಿ ಉಪಯೋಗಿಸಬೇಕು. ಆಯ್ಕೆಯ ಅಧಿಕಾರಿ ಖುದ್ದು ಮನೆಗೆ ಬಂದು ನೋಡುತ್ತಾರೆ. ನಮ್ಮ ಸೀಮೆಯ ವಸ್ತುವಾದರೆ ಒಳ್ಳೆಯದು, ಕಲಿತವರು ಸ್ವಂತ ವಾಕ್ಯ ಮಾಡಿದರಂತೂ ಇನ್ನೂ ಒಳ್ಳೆಯದು. ಇಷ್ಟೇ.

ಹಿರಿಯೂರಿನ ಬಾಲರಾಜು ಮೇಷ್ಟ್ರು ‘ಬಕೆಟ್’ ಆರಿಸಿಕೊಂಡರೆಂದು ಸುದ್ದಿ ಬಂತು. ನನಗೆ ನಗು ಬಂತು. ಬಕೆಟ್ಟಿನಲ್ಲಿ ಏನು ಸಂಸ್ಕೃತಿ ಇದೆ? ನಾನು ಆರಿಸಿಕೊಂಡದ್ದು ‘ಬ್ಲಾಂಕೆಟ್’. ಕುರಿ ಕಾಯ್ದ ವಂಶದವರು ನಾವು, ಕಂಬಳಿ ನಮ್ಮ ಮನೆತನದ ಗುರುತು. ಕಲಿಯುವವಳು ನನ್ನ ತಾಯಿ ಉಚ್ಚಂಗಮ್ಮ. ವಯಸ್ಸು ಎಪ್ಪತ್ತನಾಲ್ಕು, ತವರು ಹೊಸದುರ್ಗದ ಕಡೆಯ ಮಾಡದಕೆರೆ, ಶಾಲೆಯ ಮೆಟ್ಟಿಲು ಹತ್ತಿದ್ದು ನನ್ನನ್ನು ಸೇರಿಸಲು ಬಂದ ದಿನ ಮಾತ್ರ.

“ಅವ್ವಾ, ನಿನಗೆ ಇಂಗ್ಲಿಷ್ ಕಲಿಸ್ತೀನಿ,” ಎಂದೆ.

“ಯಾಕಪ್ಪ, ಕನ್ನಡದಾಗೆ ನಾ ಹೇಳಿದ್ದು ನಿಮಗೆ ತಿಳೀತಿಲ್ವಾ?” ಎಂದಳು ಅವ್ವ.

“ಒಂದೇ ಪದ ಅವ್ವ. ಇದು ಗೆದ್ರೆ ನಂಗೆ ಊರಾಗೇ ಕೆಲಸ. ಬಸ್ಸಿನ ಕಾಟ ತಪ್ಪುತ್ತೆ.”

“ಹಂಗಾರೆ ಕಲೀತೀನಿ ತಗಾ,” ಎಂದಳು. ತಾಯಿ ಕರುಳು ನೋಡಿ. ಆ ಕ್ಷಣ ನನಗೆ ನಿಜಕ್ಕೂ ಕಣ್ಣು ಒದ್ದೆಯಾಯಿತು.

ಮರುದಿನ ಸಂಜೆಯೇ ಅವ್ವನನ್ನು ಮಂಚದ ಮೇಲೆ ಕೂರಿಸಿ ಪಾಠ ಶುರು ಮಾಡಿದೆ. ನಾನು ಬುಡದಿಂದ ಕಟ್ಟಿಕೊಂಡು ಬರುವ ಮನುಷ್ಯ. ಮೊದಲ ದಿನ ನಾಮಪದ ಎಂದರೇನು, ಎರಡನೇ ದಿನ ನಾಮಪದದ ವಿಧಗಳು, ಮೂರನೇ ದಿನ ಎಣಿಸಬಹುದಾದವು ಮತ್ತು ಎಣಿಸಲಾಗದವು. ನಾಲ್ಕನೇ ದಿನ ಅವ್ವ ಕೂತಲ್ಲೇ ಗೊರಕೆ ಹೊಡೆದಳು. ಆರನೇ ದಿನಕ್ಕೆ ಅವಳಿಗೆ ಬಂದ ಇಂಗ್ಲಿಷ್ ಎಂದರೆ ‘ಸಾಕು ಸರ್’ ಎಂಬುದರಲ್ಲಿನ ‘ಸರ್’ ಒಂದೇ.

ಒಳಗಿನಿಂದ ಜಯಶೀಲಾ ಇಣುಕಿದಳು. “ರೀ, ಕಂಬಳೀನೇ ತೋರಿಸ್ದೆ ಕಂಬಳಿ ಪಾಠ ಮಾಡ್ತೀರಲ್ರಿ? ಪಾಪ ಅತ್ತೆ, ಒಂದು ವಾರದಿಂದ ಬ್ಲಾಂಕೆಟ್ ಅನ್ನೋ ಪದಾನೇ ಅವರ ಕಿವಿಗೆ ಬಿದ್ದಿಲ್ಲ.”

“ಬುನಾದಿ ಹಾಕ್ತಿದೀನಿ ಕಣೇ.”

“ಬುನಾದಿನೇ ಹಾಕ್ತಾ ಇರ್ರಿ. ಗೃಹಪ್ರವೇಶಕ್ಕೆ ಆಫೀಸರು ಇನ್ನೆಂಟು ದಿನಕ್ಕೆ ಬರ್ತಾರೆ.”

ಒಂದರಿಂದ ಮೂರನೇ ತರಗತಿಯ ಟೀಚರಿಗೆ ಭಾಷಾಶಾಸ್ತ್ರದ ಗಾಂಭೀರ್ಯ ತಿಳಿಯುವುದಾದರೂ ಹೇಗೆ ಎಂದುಕೊಂಡು ನಾನು ಮರುದಿನದ ಪಾಠಕ್ಕೆ ಟಿಪ್ಪಣಿ ಬರೆಯತೊಡಗಿದೆ.

ಆದರೆ ನನ್ನ ಪಾಠದ ಮಹಿಮೆ ನೋಡಿ. ಒಂಬತ್ತನೇ ದಿನ ಅವ್ವ ತಾನಾಗಿಯೇ, “ದಿಸ್ ಈಸ್ ಎ ಬ್ಲಾಂಕೆಟ್,” ಎಂದಳು. ಹತ್ತನೇ ದಿನ “ದ ಬ್ಲಾಂಕೆಟ್ ಈಸ್ ಬ್ಲಾಕ್” ಎಂದಳು. ಬುನಾದಿ ಕೊನೆಗೂ ಗಟ್ಟಿಯಾಯಿತು ಎಂದು ನಾನು ಮೀಸೆ ನೀವಿಕೊಂಡೆ.

ನಿಜ ಗೊತ್ತಾದದ್ದು ಶುಕ್ರವಾರ. ಶಾಲೆಯಲ್ಲಿ ಆಟೋಟ ಇದ್ದದ್ದರಿಂದ ಬೇಗ ಬಂದೆ. ಮನೆಯಲ್ಲಿ ಯಾರೂ ಕಾಣಲಿಲ್ಲ, ಮಹಡಿಯ ಮೇಲಿನಿಂದ ನಗು ಕೇಳಿಸುತ್ತಿತ್ತು. ಮೆಟ್ಟಿಲಿನ ಅರ್ಧಕ್ಕೆ ಹೋಗಿ ಕಿವಿಗೊಟ್ಟೆ. ಜಯಶೀಲಾ ಟ್ರಂಕಿನಲ್ಲಿದ್ದ ಕರಿ ಕಂಬಳಿಯನ್ನು ಬಿಸಿಲಿಗೆ ಹಾಕಿದ್ದಳು. ಅತ್ತೆ ಸೊಸೆ ಆ ಕಡೆ ಈ ಕಡೆ ಹಿಡಿದು ಮಡಿಸುತ್ತಿದ್ದರು.

“ಅತ್ತೆ, ವಾಟ್ ಡು ಯು ಫೋಲ್ಡ್?”

“ಐ ಫೋಲ್ಡ್ ದ ಬ್ಲಾಂಕೆಟ್.”

“ಹನುಮೇಶ್ ಮಡಿಸ್ತಾರಾ?”

“ಹನುಮೇಶ್ ಡಸ್ ನಾಟ್ ಫೋಲ್ಡ್ ದ ಬ್ಲಾಂಕೆಟ್!” ಎಂದಳು ಅವ್ವ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ಸಿಟ್ಟು ಬಂತು. ನಕ್ಕದ್ದಕ್ಕೆ ಅಲ್ಲ, ಡಸ್ ನಾಟ್ ಸರಿಯಾಗಿ ಬಂದದ್ದಕ್ಕೆ. ನನ್ನ ಹತ್ತನೇ ತರಗತಿಯವರು ಇವತ್ತಿಗೂ ಅಲ್ಲಿ ಎಡವುತ್ತಾರೆ. ಸದ್ದಿಲ್ಲದೆ ಇಳಿದು ಬಂದು ಕುರ್ಚಿಯ ಮೇಲೆ ಕೂತು ಶಾಂತವಾಗಿ ಆಲೋಚಿಸಿದೆ. ಕಲಿಸುತ್ತಿರುವುದು ಜಯಶೀಲಾ, ಸರಿ. ಆದರೆ ಜಯಶೀಲಾ ಯಾರ ಹೆಂಡತಿ? ನನ್ನ ಹೆಂಡತಿ. ಪಾಠ ನಡೆಯುತ್ತಿರುವುದು ಯಾರ ಮಹಡಿಯ ಮೇಲೆ? ನನ್ನ ಮಹಡಿಯ ಮೇಲೆ. ಅಂದಮೇಲೆ ಇದನ್ನು ನನ್ನ ಮೇಲ್ವಿಚಾರಣೆಯಲ್ಲಿ ನಡೆದ ಬೋಧನೆ ಎನ್ನಬಹುದು. ಆವತ್ತೇ ಅರ್ಜಿಯ ಬಾಕಿ ಇದ್ದ ಎರಡನೇ ಪುಟದಲ್ಲಿ ‘ಬೋಧಿಸಿದವರು’ ಎಂಬ ಕಡೆ ನನ್ನ ಹೆಸರನ್ನೂ, ‘ಬೋಧನಾ ಪದ್ಧತಿ’ ಎಂಬ ಕಡೆ ‘ಸ್ವಂತ ಸಂಶೋಧನೆ’ ಎಂದೂ ತುಂಬಿ ಕಳಿಸಿದೆ. ಜಯಶೀಲಾಗೆ ಹೇಳಲಿಲ್ಲ. ಹೇಳಿ ಅವಳ ಮನಸ್ಸಿಗೆ ಯಾಕೆ ತೊಂದರೆ ಕೊಡಬೇಕು?

ಆಮೇಲೆ ಹತ್ತು ವಾಕ್ಯ ನಾನೇ ಬರೆದೆ. ಮೊದಲೆರಡು ಅವ್ವನಿಗೆ ಆಗಲೇ ಬಂದವೇ; ಅಧಿಕಾರಿಯ ಮನ ಕರಗಬೇಕಲ್ಲ, ಮೂರನೆಯದರಿಂದ ಅದಕ್ಕೆ ತಕ್ಕಂತೆ ಕಟ್ಟಿದೆ. ‘ಈ ಬ್ಲಾಂಕೆಟ್ ನನ್ನ ಮಗ ಕೊಡಿಸಿದ್ದು.’ ‘ನಾನು ದಿನಾ ಬ್ಲಾಂಕೆಟ್ ಹೊದ್ದು ಮಲಗುತ್ತೇನೆ.’ ‘ನನ್ನ ಮಗ ದಿನಾ ಬೆಳಗ್ಗೆ ಬ್ಲಾಂಕೆಟ್ ಮಡಿಸುತ್ತಾನೆ.’ ಹೀಗೆ ಸಾಗಿ ಹತ್ತನೆಯದು, ‘ಬ್ಲಾಂಕೆಟ್ ಎಂಬ ಪದ ನನ್ನ ಮಗ ಕಲಿಸಿದ.’ ಎಲ್ಲವೂ ಇಂಗ್ಲಿಷಿನಲ್ಲಿ.

ಮಂಚದ ಮೇಲೆ ಕೂತು ಅವ್ವ ಹತ್ತನ್ನೂ ಗಿಳಿ ಹಾಗೆ ಒಪ್ಪಿಸಿದಳು.

“ಅರ್ಥ ಗೊತ್ತಾಯ್ತಾ ಅವ್ವ?”

“ಗೊತ್ತಾಗ್ದೆ ಏನು? ಜಯ ಎಲ್ಲಾ ಬಿಡಿಸಿ ಹೇಳಿದ್ಲು. ನೀನು ಬರ್ದಿದ್ದು, ನಾನು ಅಂತೀನಿ. ಬಯಲಾಟದಾಗೆ ರಾಜನ ಪಾರ್ಟು ಮಾಡೋರೆಲ್ಲ ರಾಜರೇನಪ್ಪ?” ಎಂದು ನಕ್ಕಳು.

ಜಯಶೀಲಾ ಮಾತ್ರ ಹಾಳೆಯನ್ನು ಮತ್ತೊಮ್ಮೆ ಓದಿ ಹುಬ್ಬೇರಿಸಿದಳು. “ಹತ್ತನೇದು ಚೆನ್ನಾಗೈತೆ ಕಣ್ರಿ,” ಎಂದಳು. ಅಷ್ಟೇ. ಅಷ್ಟೇ ಹೇಳಿ ಒಳಗೆ ಹೋದಳು. ಪಾತ್ರೆಗಳು ಆವತ್ತು ಸ್ವಲ್ಪ ಜೋರಾಗಿ ಸದ್ದು ಮಾಡಿದವು.

ಭಾನುವಾರ ಬೆಳಗ್ಗೆ ಅಧಿಕಾರಿ ಬರುವುದು ಎಂದಾಯಿತು. ಇಲ್ಲಿ ನನ್ನ ತಲೆಗೆ ಒಂದು ಉಜ್ವಲ ಆಲೋಚನೆ ಹೊಳೆಯಿತು. (ನನ್ನ ಜೀವನದ ಎಲ್ಲ ಅನಾಹುತಗಳೂ ಉಜ್ವಲ ಆಲೋಚನೆಗಳಾಗಿಯೇ ಹುಟ್ಟಿವೆ.) ಮಂಚದ ಮೇಲೆ ಕೂತು ಕಂಬಳಿಯ ಬಗ್ಗೆ ಮಾತಾಡಿದರೆ ಏನು ಚೆಂದ? ಕಂಬಳಿಯನ್ನೇ ಹಾಸಬೇಕು. ಬರೀ ಹಾಸಿದರೆ ಸಾಲದು, ನಮ್ಮ ಹಿರಿಯರು ಹಾಸುತ್ತಿದ್ದ ಹಾಗೆ ಹಾಸಬೇಕು. ನಡುಮನೆಯಲ್ಲಿ ಕರಿ ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಸಿದೆ. ಮುಂದೆ ಎಲೆ ಅಡಿಕೆ ಇಟ್ಟೆ. ನಮ್ಮ ಮನೆದೇವರು ಬೀರಪ್ಪನ ಭಂಡಾರ ತಂದು ಮೂರು ಬೆರಳು ಅರಿಸಿನ ಎಳೆದೆ. ದೂರ ನಿಂತು ನೋಡಿದೆ. ಬಾಲರಾಜು ಮೇಷ್ಟ್ರ ಬಕೆಟ್ ಇದರ ಮುಂದೆ ಎಲ್ಲಿ!

ಜಯಶೀಲಾ ನೋಡಿ ನಿಂತಲ್ಲೇ ನಿಂತಳು. “ರೀ, ಗದ್ದಿಗೆ ಹಾಕಿದ್ದೀರಲ್ರಿ.”

“ಸ್ಥಳೀಯ ಸಂಸ್ಕೃತಿ ಕಣೇ. ಫೋಟೋದಾಗೆ ಒಳ್ಳೆ ಬಣ್ಣ ಬರುತ್ತೆ.”

“ಅದರ ಮ್ಯಾಲೆ ಅತ್ತೇನ ಕೂರಿಸಿ ಆ ಹಾಳೇಲಿರೋದನ್ನ ಹೇಳಿಸ್ತೀರಾ?”

“ಮತ್ತೇನು, ನಿನ್ನ ಕೂರಿಸ್ಲಾ?”

“ನಿಮಗೆ ಹೆಂಗೆ ತೋಚುತ್ತೋ ಹಂಗೆ ಮಾಡ್ರಿ,” ಎಂದು ಅವಳು ಒಗ್ಗರಣೆ ಮಂಡಕ್ಕಿ ಮಾಡಲು ಹೋದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಮಾತು ಕೇಳಿದಾಗಲೆಲ್ಲ ನಾನು ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಹೊರಗಿನವರಿಗೆ ಇಷ್ಟು ಹೇಳಿದರೆ ಸಾಕು. ನಮ್ಮವರಲ್ಲಿ ಕರಿ ಕಂಬಳಿ ಹಾಸಿ, ಭಂಡಾರ ಎಳೆದು, ಎಲೆ ಅಡಿಕೆ ಇಟ್ಟರೆ ಅದು ಹಾಸಿಗೆ ಅಲ್ಲ, ದೇವರ ಗದ್ದಿಗೆ. ಹಿಂದೆ ಹಿರಿಯರು ಅದರ ಮೇಲೆ ಕೂತು ನ್ಯಾಯ ಹೇಳುತ್ತಿದ್ದರು. ಅದರ ಮೇಲೆ ಕೂತವರು ಸುಳ್ಳಾಡುವಂತಿಲ್ಲ. ನನಗೂ ಗೊತ್ತಿತ್ತು. ಆದರೆ ಎಂ.ಎ. ಆದಮೇಲೆ ಇಂಥವು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಆಗಿಬಿಡುತ್ತವೆ.

ಹತ್ತು ಗಂಟೆಗೆ ಅಧಿಕಾರಿ ಮುರುಗೇಶಪ್ಪನವರು ಬಂದರು. ಹೊಳಲ್ಕೆರೆಯವರು, ಹಣೆಯ ತುಂಬ ವಿಭೂತಿ, ಮೃದು ಮಾತು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕಂಬಳಿ ನೋಡಿ ಕೈ ಮುಗಿದು, ಎದುರಿನ ಕುರ್ಚಿಯಲ್ಲಿ ಕೂತು, ನಾನು ಕೊಟ್ಟ ಹತ್ತು ವಾಕ್ಯದ ಹಾಳೆ ತೊಡೆಯ ಮೇಲಿಟ್ಟುಕೊಂಡು ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರು ಮಾಡಿದರು. ಅವ್ವ ಹೊಸ ಸೀರೆ ಉಟ್ಟು ಬಂದವಳು ಕಂಬಳಿ ಕಂಡು ಗಕ್ಕನೆ ನಿಂತಳು.

“ಇದರ ಮ್ಯಾಲೆನಾ?”

“ಹೂಂ ಅವ್ವ, ಕುಂತ್ಕ.”

ಅವಳು ಬಗ್ಗಿ ಭಂಡಾರ ಮುಟ್ಟಿ ಹಣೆಗಿಟ್ಟುಕೊಂಡು, ಸೆರಗು ಹೊದ್ದು ಕೂತಳು. ಆ ಕೂತ ಭಂಗಿಯಲ್ಲೇ ನನಗೆ ಏನೋ ಅಳುಕು ಹತ್ತಿತು.

“ಶುರು ಮಾಡ್ರಿ ಅಮ್ಮಾ,” ಎಂದರು ಮುರುಗೇಶಪ್ಪ.

“ದಿಸ್ ಈಸ್ ಎ ಬ್ಲಾಂಕೆಟ್.”

“ವೆರಿ ಗುಡ್!”

“ದ ಬ್ಲಾಂಕೆಟ್ ಈಸ್ ಬ್ಲಾಕ್.” ಅವ್ವ ಕಂಬಳಿಯ ಅಂಚನ್ನು ಎತ್ತಿ ನೋಡಿದಳು. ಅಲ್ಲಿ ಒಂದು ಬಿಳಿ ಪಟ್ಟೆ ಇತ್ತು. “ದಿಸ್ ಈಸ್ ವೈಟ್,” ಎಂದು ಸೇರಿಸಿ ಸಮಾಧಾನ ಮಾಡಿಕೊಂಡಳು.

ಮೂರನೆಯದು, ‘ಮೈ ಸನ್ ಗೇವ್ ಮಿ ದ ಬ್ಲಾಂಕೆಟ್.’ ಅವ್ವ ಬಾಯಿ ತೆರೆದಳು, ಮುಚ್ಚಿದಳು. ಭಂಡಾರದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಮರೆತಿರಬೇಕೆಂದು ನಾನು ತುಟಿಯಲ್ಲೇ “ಮೈ ಸನ್, ಮೈ ಸನ್” ಎಂದೆ.

“ಇಲ್ಲಿ ಕುಂತು ಅದನ್ನ ಅನ್ನಂಗಿಲ್ಲಪ್ಪ,” ಎಂದಳು ಅವ್ವ ಮೆಲ್ಲಗೆ. ಆಮೇಲೆ ಮುರುಗೇಶಪ್ಪನವರ ಕಡೆ ತಿರುಗಿ ಗಟ್ಟಿಯಾಗಿ, “ಮೈ ಫಾದರ್ ಗೇವ್ ಮಿ ದ ಬ್ಲಾಂಕೆಟ್. ಮಾಡದಕೆರೆ ಬ್ಲಾಂಕೆಟ್!” ಎಂದಳು. ಮದುವೆಯಲ್ಲಿ ಅವಳಪ್ಪ ಹೊದಿಸಿ ಕಳಿಸಿದ ಕಂಬಳಿ ಅದು.

ಮುರುಗೇಶಪ್ಪ ಕುರ್ಚಿಯ ತುದಿಗೆ ಬಂದರು. “ಹಾಳೇಲಿ ‘ಸನ್’ ಐತೆ. ಅಮ್ಮ ತಾವೇ ‘ಫಾದರ್’ ಹಾಕಿದ್ರು! ಸ್ವಂತ ವಾಕ್ಯ!”

“ಐ ಡು ನಾಟ್ ಸ್ಲೀಪ್ ಅಂಡರ್ ದ ಬ್ಲಾಂಕೆಟ್,” ಎಂದು ಅವ್ವ ಮುಂದುವರಿದಳು. “ದ ಬ್ಲಾಂಕೆಟ್ ಸ್ಲೀಪ್ಸ್ ಇನ್ ದ ಟ್ರಂಕ್.”

“ಅಬ್ಬಬ್ಬಾ!”

“ಮೈ ಸನ್ ಡಸ್ ನಾಟ್ ಫೋಲ್ಡ್ ಹಿಸ್ ಬ್ಲಾಂಕೆಟ್. ಜಯಶೀಲಾ ಫೋಲ್ಡ್ಸ್ ಹಿಸ್ ಬ್ಲಾಂಕೆಟ್. ಎವ್ರಿ ಡೇ.”

ಹಾಳೆಯಲ್ಲಿ ನಾನು ಕಟ್ಟಿದ್ದ ಸತ್ಪುತ್ರ ಹೀಗೆ ಒಂದೊಂದೇ ವಾಕ್ಯಕ್ಕೆ ಕಳಚಿ ಬೀಳುತ್ತಿದ್ದ. ಬೆಳಗ್ಗೆ ಎದ್ದ ಕೂಡಲೇ ನಾನು ನನ್ನ ಬ್ಲಾಂಕೆಟ್ ಒದ್ದು ಬಚ್ಚಲಿಗೆ ಹೋಗುವುದು, ಅದರ ಅಂಚಿನಲ್ಲಿ ಕನ್ನಡಕ ಒರೆಸಿಕೊಳ್ಳುವುದು, ಒಮ್ಮೆ ಅದರ ಮೇಲೆ ಕಾಫಿ ಚೆಲ್ಲಿ ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದು, ಎಲ್ಲವೂ ಶುದ್ಧ ಇಂಗ್ಲಿಷಿನಲ್ಲಿ ಸರ್ಕಾರದ ಮೊಬೈಲಿಗೆ ದಾಖಲಾದವು. ಆದರೂ ಒಳಗೊಳಗೆ ಧೈರ್ಯ ಹೋಗಿರಲಿಲ್ಲ. ಮಾನ ಹೋದರೆ ಹೋಗಲಿ, ಮಾರ್ಕ್ಸ್ ಬರುತ್ತಿವೆಯಲ್ಲ! ಪ್ರತಿ ವಾಕ್ಯಕ್ಕೂ ಮುರುಗೇಶಪ್ಪ ಹಾಳೆಯ ಮೇಲೆ ಎರಡೆರಡು ರೈಟ್ ಹಾಕುತ್ತಿದ್ದರು. ನಾನಾಗಲೇ ಘಟಕದಲ್ಲಿ ನನ್ನ ಕುರ್ಚಿ ಕಿಟಕಿಯ ಹತ್ತಿರ ಇರಬೇಕೋ ಫ್ಯಾನಿನ ಕೆಳಗೆ ಇರಬೇಕೋ ಎಂದು ತೀರ್ಮಾನಿಸುತ್ತಿದ್ದೆ.

ಒಂಬತ್ತು ವಾಕ್ಯ ಮುಗಿಯಿತು.

“ಹತ್ತನೇದು ಅಮ್ಮಾ?” ಎಂದರು ಮುರುಗೇಶಪ್ಪ. “ಯಾರು ಕಲಿಸಿದ್ರು ಅನ್ನೋದು. ಅದೇ ಮುಖ್ಯ.”

ಅವ್ವ ನನ್ನನ್ನು ನೋಡಿದಳು. ನಿಜ ಹೇಳಿದರೆ ಮಗನ ಮಾನ ಹೋಗುತ್ತದೆ, ಹಾಳೆಯಲ್ಲಿದ್ದಂತೆ ಹೇಳಿದರೆ ಗದ್ದಿಗೆ ಮೇಲೆ ಸುಳ್ಳಾಡಿದ ಹಾಗೆ. ಆ ಮುದುಕಿಯ ಕಣ್ಣಿನಲ್ಲಿ ಇದೆರಡೂ ನನಗೆ ಸ್ಪಷ್ಟವಾಗಿ ಕಂಡವು. ಅಡುಗೆಮನೆಯ ಬಾಗಿಲಲ್ಲಿ ಜಯಶೀಲಾ ಮಂಡಕ್ಕಿ ತಟ್ಟೆ ಹಿಡಿದು ನಿಂತಿದ್ದಳು. ಅವಳು ನನ್ನನ್ನು ನೋಡಲೇ ಇಲ್ಲ, ತಟ್ಟೆಯನ್ನೇ ನೋಡುತ್ತಿದ್ದಳು.

ಅವ್ವ ಸ್ವಲ್ಪ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದಳು. “ಹತ್ತನೇದು ನಮ್ಮ ಹನುಮ ಹೇಳ್ತಾನೆ. ಬಾರಪ್ಪ, ಕುಂತ್ಕ.”

“ಬರ್ರಿ ಸರ್, ತಾಯಿ ಮಗ ಒಟ್ಟಿಗೆ ಕುಂತ್ರೆ ವಿಡಿಯೋ ಚೆಂದ ಬರ್ತದೆ,” ಎಂದರು ಮುರುಗೇಶಪ್ಪ.

“ಇಲ್ಲ ಸರ್, ನಾನು ಇಲ್ಲೇ ನಿಂತು...”

“ಕುಂತ್ಕಳ್ರಿ ಸರ್.”

ಕೂತೆ. ಕೂರುವವರೆಗೂ ನಾನು ಎಂ.ಎ., ಬಿ.ಎಡ್. ಆಗಿದ್ದೆ. ಉಣ್ಣೆ ತೊಡೆಗೆ ಚುಚ್ಚಿದ ಕೂಡಲೇ ಪದವಿ ಎರಡೂ ಎಲ್ಲಿ ಹೋದವೋ ಗೊತ್ತಿಲ್ಲ. “ಬ್ಲಾಂಕೆಟ್ ಎಂಬ ಪದವನ್ನು ನಾನು...” ಎಂದು ಶುರು ಮಾಡಿದೆ. ಇದು ಮೂಢನಂಬಿಕೆ ಕಣೋ ಎಂದು ಒಳಗೆ ಒಂದು ದನಿ ಹೇಳಿತು. ಅದನ್ನು ನಂಬಿ ಒಂದು ಸಲ ಕೆಮ್ಮಿ, ನೀರು ಕುಡಿದು, ಮತ್ತೆ “ನಾನು...” ಎಂದೆ. ಭಯವಾಯಿತು ನನಗೆ. ಬೀರಪ್ಪನ ಭಯ ಎಷ್ಟೋ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಪಕ್ಕದಲ್ಲಿ ನನ್ನ ಬಸ್ಸು ತಪ್ಪಿಸಬೇಕೆಂದು ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಇಂಗ್ಲಿಷ್ ಕಲಿತ ತಾಯಿ, ಎದುರಿಗೆ ಒಂದು ಮಾತೂ ಆಡದೆ ಕಲಿಸಿದ ಹೆಂಡತಿ, ನಡುವೆ ನಾನು.

“ನಾನು ಕಲಿಸ್ಲಿಲ್ಲ ಸರ್,” ಎಂದುಬಿಟ್ಟೆ. “ನಾನು ಕಲಿಸಿದ್ದಕ್ಕೆ ಅವ್ವ ನಿದ್ದೆ ಮಾಡಿದ್ಲು. ಕಲಿಸಿದ್ದು ನನ್ನ ಹೆಂಡತಿ. ಅರ್ಜೀಲಿ ಬರೆದಿದ್ದು ಸುಳ್ಳು.”

ಅವ್ವ ನನ್ನ ಬೆನ್ನು ಸವರಿದಳು. ಮುರುಗೇಶಪ್ಪನವರು ನಿಧಾನವಾಗಿ ತಿರುಗಿ, “ಮೇಡಂ, ತಾವು ಎಲ್ಲಿ ಕೆಲಸ ಮಾಡೋದು?” ಎಂದರು.

“ಇಲ್ಲೇ ಸರ್, ಪ್ರಾಥಮಿಕ ಶಾಲೇಲಿ. ಒಂದರಿಂದ ಮೂರು.”

“ಅದಕ್ಕೇ! ಹಂಗಂದ್ರೆ ಯಾಕೆ ಅರ್ಜಿ ಹಾಕಿಲ್ಲ?”

“ಒಂದು ಮನೆಯಿಂದ ಒಬ್ಬರು ಸಾಕು ಅಂತ ಇವರು ಅಂದ್ರು ಸರ್.”

ಸುತ್ತೋಲೆಯಲ್ಲಿ ಅಂಥ ನಿಯಮವೇ ಇರಲಿಲ್ಲ. ನಾನಿನ್ನೂ ಕಂಬಳಿಯ ಮೇಲೇ ಇದ್ದೆ, ಆದ್ದರಿಂದ ಬಾಯಿ ಬಿಡದೆ ಎದ್ದೆ.

ಅಲ್ಲೇ ಮಂಡಕ್ಕಿ ತಟ್ಟೆಯ ಪಕ್ಕದಲ್ಲೇ ಜಯಶೀಲಾ ಅರ್ಜಿ ತುಂಬಿದಳು. ಹದಿನೈದು ದಿನಕ್ಕೆ ಆದೇಶ ಬಂತು. ಸಂಪನ್ಮೂಲ ವ್ಯಕ್ತಿ: ಶ್ರೀಮತಿ ಜಯಶೀಲಾ. ಈಗ ಅವಳು ಒಂಬತ್ತೂವರೆಗೆ ಮನೆಯಿಂದ ಹೊರಟು ಹತ್ತು ನಿಮಿಷ ನಡೆದು ಘಟಕ ಸೇರುತ್ತಾಳೆ. ನಾನು ಏಳೂ ಮುಕ್ಕಾಲಿಗೆ ಕಂಬಿ ಹಿಡಿಯುತ್ತೇನೆ.

ಇದಕ್ಕೆ ನಾನು ಕುಗ್ಗಿದೆ ಎಂದು ನೀವು ತಿಳಿದರೆ ನನ್ನನ್ನು ಅರಿತಿಲ್ಲ ಎಂದರ್ಥ. ಮೊದಲ ತರಬೇತಿ ಹಿರಿಯೂರಿನಲ್ಲಿ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರಿಗೇ ಇಟ್ಟರು. ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಸರಿ, ಗಂಡನ ಅನುಭವವನ್ನು ನೋಡಿ ನಾಲ್ಕು ಮಾತು ಕಲಿಯಲಿ ಎಂದು ಮೊದಲ ಬೆಂಚಿನಲ್ಲೇ ಕೂತೆ. ಪಕ್ಕದಲ್ಲಿ ಬಕೆಟ್ ಖ್ಯಾತಿಯ ಬಾಲರಾಜು ಮೇಷ್ಟ್ರು.

“ತಮ್ಮ ಹೆಸರು ಸರ್?” ಎಂದಳು ಜಯಶೀಲಾ ಹಾಜರಿ ಹಿಡಿದು. ಇಪ್ಪತ್ತು ವರ್ಷ ಸಂಸಾರ ಮಾಡಿದವಳು!

“ಹನುಮೇಶ್... ಮೇಡಂ.”

“ಬರ್ರಿ ಸರ್. ‘ಅಂಬ್ರೆಲಾ’. ಐದು ನಿಮಿಷದಾಗೆ ಈ ಪದ ಕಲಿಸಿ ತೋರಿಸ್ರಿ.”

ಎದ್ದು ಹೋಗಿ ಗಂಟಲು ಸರಿಮಾಡಿಕೊಂಡು, ನಾಮಪದ ಎಂದರೇನು ಎಂಬಲ್ಲಿಂದ ಶುರು ಮಾಡಿದೆ. ನಾಮಪದದ ವಿಧಗಳಿಗೆ ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು, ಬಾಲರಾಜು ಮೇಷ್ಟ್ರು ಬಾಯಿ ತೆರೆದು ಮಲಗಿದ್ದರು, ಛತ್ರಿಯನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಸಂಜೆ ಫಲಿತಾಂಶ ಹಾಕಿದರು. ಮೂವತ್ತೆರಡು ಜನರಲ್ಲಿ ಮೂವತ್ತೊಂದು ಜನ ತೇರ್ಗಡೆ. ಉಳಿದ ಒಬ್ಬರ ಹೆಸರಿನ ಮುಂದೆ ‘ಹೆಚ್ಚಿನ ಅಭ್ಯಾಸ ಬೇಕು, ಹೊಸದುರ್ಗದ ತರಬೇತಿಗೆ ಮತ್ತೆ ಬರತಕ್ಕದ್ದು’ ಎಂದು ನನಗೆ ಚಿರಪರಿಚಿತವಾದ ದುಂಡು ಅಕ್ಷರದಲ್ಲಿ ಬರೆದಿತ್ತು.

ಮನೆಗೆ ಬಂದವನೇ ಕೇಳಿದೆ. “ಏನೇ ಇದು? ಗಂಡ ಅನ್ನೋದಾದ್ರೂ ಬೇಡ್ವಾ?”

“ತರಬೇತಿ ವಿಷಯ ತರಬೇತೀಲಿ ಮಾತಾಡ್ರಿ ಸರ್,” ಎಂದಳು ಸೊಪ್ಪು ಬಿಡಿಸುತ್ತ.

“ಹಂಗಾರೆ ಮನೇಲಿ ಸ್ವಲ್ಪ ಹೇಳ್ಕೊಡೇ ಮಾರಾಯ್ತಿ.”

“ನಂಗೆಲ್ಲಿ ಪುರುಸೊತ್ತು ಐತೆ? ಬೇರೆ ಯಾರನ್ನಾದ್ರೂ ನೋಡ್ಕಳ್ರಿ.”

ಹೊಸದುರ್ಗದ ತರಬೇತಿ ಮುಂದಿನ ಸೋಮವಾರ. ಈ ಸಲ ಪಾಸಾಗುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ದಿನಾ ಸಂಜೆ ಒಂದು ಗಂಟೆ ಅವ್ವ ನನಗೆ ಪಾಠ ಹೇಳುತ್ತಿದ್ದಾಳೆ.